ಅಕ್ಕನ ಕೌದಿ

ಕಾಣಿಕೆ ಕೊಡುವವರು ಸಾಮಾನ್ಯವಾಗಿ ತಮ್ಮ ಕಣ್ಣಿಗೆ ಒಪ್ಪಿದುದನ್ನೇ ಆರಿಸುವರು. ಹೊದಿಕೆಯ ವಿಷಯದಲ್ಲಿ ಇದು ಸಲ್ಲದು; ಇರುಳೆಲ್ಲ ಅದರೊಡನೆ ಕಳೆಯತಕ್ಕವರು ಪಡೆದವರೇ ಹೊರತು ಕೊಟ್ಟವರಲ್ಲ.

ಗೌರಿಬಿದನೂರಿನಲ್ಲಿ ವಾಸವಾಗಿರುವ ನಮ್ಮ ಅಕ್ಕನಿಗೆ ಎಪ್ಪತ್ತೈದು ತುಂಬಿತು. ಕಣ್ಣು ಮಂಜಾಗಿ ಎರಡು ವರ್ಷಗಳಾದುವು. ನಂದಿಬೆಟ್ಟದ ಸೀಮೆಯ ಮಾಗಿಯ ಚಳಿಗೆ ಒಂದು ಕೌದಿಯನ್ನು ಹೊಲಿಸಿಕೊಡಬೇಕೆಂದು ನಿಶ್ಚಯಿಸಿ, ಹೇಗಿರಬೇಕೆಂದು ಮೊದಲು ಆಕೆಯನ್ನೇ ಕೇಳಿದೆವು. “ಭಾರವಾಗಬಾರದು, ಮೈಮೇಲಿಂದ ಜಾರಬಾರದು. ತಲೆಯ ಕಡೆ ಯಾವುದು, ಕಾಲಿನ ಕಡೆ ಯಾವುದು ಎಂದು ನಡುರಾತ್ರಿಯಲ್ಲಿ ಸೊಸೆಯನ್ನು ಎಬ್ಬಿಸುವ ಹಾಗಾಗಬಾರದು, ಕಣಪ್ಪ” ಎಂದಳು. ಬಣ್ಣದ ಮಾತನ್ನೇ ಎತ್ತಲಿಲ್ಲ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯ ಕೇಂದ್ರವಾದ ಚಿಕ್ಕಬಳ್ಳಾಪುರದಿಂದ ಹೊರಟು ಮೊದಲು ಶಿಡ್ಲಘಟ್ಟವನ್ನು ಸೇರಿದೆವು. ಊರೆಲ್ಲ ರೇಷ್ಮೆಯ ವ್ಯವಹಾರ. ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನಿಂದಲೇ ಜನಸಂದಣಿ. ಪರಿಚಿತರಾದ ನೂಲು ಬಿಚ್ಚುವವರೊಬ್ಬರು ಜೋಡಿಗೂಡನ್ನು ತೋರಿಸಿದರು. ಎರಡು ಹುಳುಗಳು ಕೂಡಿ ಕಟ್ಟಿದ ಆ ಗೂಡಿನಲ್ಲಿ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಸಲೀಸಾಗಿ ಬಿಚ್ಚುವುದಿಲ್ಲ. ಚೀನಾ ದೇಶದಲ್ಲಿ ಅಂತಹ ಗೂಡುಗಳನ್ನೇ ಹಿಗ್ಗಿಸಿ, ಪದರ ಪದರವಾಗಿ ಹೊದಿಕೆಯೊಳಗೆ ತುಂಬುವರು. “ನೀವೂ ರೇಷ್ಮೆಯದನ್ನೇ ಮಾಡಿಸಿ, ಬಂದವರೆಲ್ಲ ಹೊಗಳುವರು” ಎಂದರು ಆ ಮಿತ್ರರು. ಬಂದವರು ಹೊಗಳಿ ಎದ್ದುಹೋಗುವರು. ನುಣುಪು ಬಟ್ಟೆ ಜಾರಿ ಚಳಿಯಲ್ಲಿ ತಡಕಾಡುವವಳು ಅಕ್ಕ. ಆದುದರಿಂದ ಎರಡು ಗೇಣು ರೇಷ್ಮೆಯ ತುಂಡನ್ನು ಮಾತ್ರ ಕೊಂಡು ಚಿಂತಾಮಣಿಯ ಹಾದಿ ಹಿಡಿದೆವು.

ಚಿಂತಾಮಣಿಯಲ್ಲಿ ನಮ್ಮ ಹಿರಿಯರ ಮನೆಯುಂಟು. ಅಲ್ಲಿಯ ಪೆಟ್ಟಿಗೆಯಲ್ಲಿ ನಮ್ಮ ತಾಯಿಯವರ ನೂಲಿನ ಸೀರೆಗಳಿದ್ದುವು. ಒಗೆದು ಒಗೆದು ಮೆತ್ತಗಾದುವು. ನೆರೆಮನೆಯ ಮುದುಕಿಯೊಬ್ಬಳು ಕೌದಿ ಹೊಲಿಯುವುದರಲ್ಲಿ ನಿಪುಣೆ. ಭಾರವಾಗದಂತೆ ಮೂರೇ ಪದರಗಳನ್ನು ಹಾಸಿ, ಅಂಚಿನಿಂದ ಒಳಕ್ಕೆ ಸಾಲುಹೊಲಿಗೆ ಹಾಕತೊಡಗಿದಳು. ತಲೆಯ ಕಡೆಗೆ ಗುರುತೇನು ಎಂಬ ಪ್ರಶ್ನೆ ಆಗ ಎದ್ದಿತು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಸ್ತ್ರೀಯರ ಕೌದಿಗಳು ನಮ್ಮ ನೆನಪಿಗೆ ಬಂದುವು. ಹೊದೆಯುವವರನ್ನು ನೋಡಿ ಹೊಲಿಯುವುದು ಅವರಲ್ಲುಂಟು: ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆಯೂ ಮುಸಲ್ಮಾನರ ಮನೆಯದರಲ್ಲಿ ಅರ್ಧಚಂದ್ರವೂ ಕಾಣುವುವು. ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿದ ‘ಫೂಲ’ಗಳನ್ನಿಟ್ಟ ಮೇಲೆಯೇ ಕೌದಿ ಪೂರ್ಣವಾದಂತೆ. ಆ ಪದ್ಧತಿಯನ್ನು ಎರವಲು ಪಡೆದು, ಶಿಡ್ಲಘಟ್ಟದ ರೇಷ್ಮೆಯನ್ನು ಮಡಿಸಿ ತಲೆಯ ಕಡೆಯ ಎರಡು ಮೂಲೆಗಳಿಗೆ ಮಾತ್ರ ಹೊಲಿಸಿದೆವು. ಕಾಲಿನ ಕಡೆ ಬರಿಯ ನೂಲು.

ಕೆಲಸ ಮುಗಿದ ಮೇಲೆ ಉತ್ತರ ಪಿನಾಕಿನಿಯ ದಡದ ಗೌರಿಬಿದನೂರಿಗೆ ಹೋಗಿ ಕೌದಿಯನ್ನು ಅಕ್ಕನ ಮಡಿಲಲ್ಲಿಟ್ಟೆವು. ಬೆರಳುಗಳು ಮೂಲೆಯನ್ನು ಮುಟ್ಟಿದೊಡನೆ “ಇದು ತಲೆಯ ಕಡೆ” ಎಂದಳು. ಅಂಚನ್ನು ಸವರುತ್ತ ಬಂದ ಕೈ ಒಂದೆಡೆ ನಿಂತಿತು. “ಅಮ್ಮನ ಸೀರೆ!” ಎಂದು ಬಹಳ ಹೊತ್ತು ಸುಮ್ಮನಿದ್ದಳು. ಮರುದಿನ ಬೆಳಿಗ್ಗೆ ಸೊಸೆಯನ್ನು ವಿಚಾರಿಸಿದೆವು. ರಾತ್ರಿ ಅತ್ತೆ ಒಮ್ಮೆಯೂ ಕೂಗಲಿಲ್ಲವಂತೆ.

ಈ ಮಾಗಿಯಲ್ಲಿ ಮನೆಯ ಹಿರಿಯರಿಗೆ ಕೌದಿ ಹೊಲಿಸುವ ಗೃಹಸ್ಥರು ಅಂಗಡಿಗೆ ಹೋಗುವ ಮೊದಲು ಅವರ ಬಳಿ ಅರೆಗಳಿಗೆ ಕುಳಿತು, ರಾತ್ರಿ ಅವರಿಗೆ ಏನು ತೊಂದರೆಯೆಂದು ಕೇಳಬೇಕಾಗಿ ನಮ್ಮ ವಿನಂತಿ.