ಪಡುವಣ ಬೆಂಗಳೂರಿನಲ್ಲಿ ಚೌಕಾಬಾರ

ಸ್ವತಂತ್ರ ಭಾರತದ ಗವರ್ನರ್ ಜನರಲ್ಲರಾಗಿದ್ದ ರಾಜಾಜಿಯವರ ಹೆಸರನ್ನು ಹೊತ್ತು 1949ರಲ್ಲಿ ಮೊದಲಾದ ಬಡಾವಣೆಯೇ ರಾಜಾಜಿನಗರ. ಮೈಸೂರು, ಹಾಸನ, ತುಮಕೂರುಗಳ ಕಡೆಯಿಂದ ಉದ್ಯೋಗವನ್ನರಸಿ ಬಂದ ಎಷ್ಟೋ ಸಂಸಾರಗಳು ಇಲ್ಲಿಯೂ ನೆರೆಯ ಬಸವೇಶ್ವರನಗರ, ವಿಜಯನಗರಗಳಲ್ಲಿಯೂ ನೆಲೆಸಿದುವು. ಹಿತ್ತಾಳೆಯ ಪಾತ್ರೆಗಳೊಡನೆ ಕವಡೆಯ ಚೀಲಗಳೂ ಬಂದುವು. ಕವಡೆಗಳೊಡನೆ ಆಯಾ ಊರಿನ ಆಟದ ಕಟ್ಟಳೆಗಳೂ ಬಂದುವು. ಈಚೆಗೆ ನಾವು ಬಂಧುಗಳನ್ನು ನೋಡಲು ರಾಜಾಜಿನಗರದಿಂದ ಕೆಂಗೇರಿಯವರೆಗೆ ಸಂಚರಿಸಿದಾಗ, ಈ ಕಟ್ಟಳೆಗಳ ಅವಸ್ಥೆ ಏನಾಗಿದೆಯೆಂಬುದು ತಾನಾಗಿ ಕಣ್ಣಿಗೆ ಬಿದ್ದಿತು.

ರಾಮಮಂದಿರದ ಹತ್ತಿರ ನಮ್ಮ ಸೋದರತ್ತೆಯವರ ಮನೆ. ಅವರಿಗೆ ಎಂಬತ್ತು ದಾಟಿದೆ. ಬಾಲ್ಯದಲ್ಲಿ ಹುಣಸೆಬೀಜವನ್ನು ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬಿಳುಪಾಗಿಸಿ, ಬಳೆಚೂರುಗಳನ್ನೇ ಕಾಯಿಗಳೆಂದು ಇಟ್ಟು ಆಡಿದವರು. ಅವರ ಮೊಮ್ಮಗಳು ಅಂಗಡಿಯಿಂದ ಬಟ್ಟೆಯ ಮೇಲೆ ಅಚ್ಚಾದ ಅಂದವಾದ ಹಾಸನ್ನು ತಂದಿದ್ದಳು. ಜೊತೆಗೆ ನಿಯಮಗಳ ಹಾಳೆಯೊಂದಿತ್ತು. ಜಗಳಕ್ಕೆ ಮೂಲ ಆ ಹಾಳೆಯೇ.

ಆಟವನ್ನು ಮರೆತ ವಾಚಕರಿಗಾಗಿ ಇಷ್ಟು ಹೇಳಬೇಕು. ಐದೈದರ ಇಪ್ಪತ್ತೈದು ಮನೆಗಳಲ್ಲಿ ಹೊರಸುತ್ತಿನವು ಹದಿನಾರು, ಒಳಸುತ್ತಿನವು ಎಂಟು, ನಡುವಿನದೊಂದು. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ನಾಲ್ಕು. ಎಲ್ಲವೂ ಬೋರಲಾದರೆ ಬಾರ, ಎಂಟು. ನಡುಮನೆಯನ್ನು ಸೇರಿದ ಕಾಯಿ ಹಣ್ಣಾಗುತ್ತದೆ. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಕೂಡದೆಂಬುದು ಅತ್ತೆಯವರು ಕಲಿತ ಕಟ್ಟಳೆ. ಹೊಡೆಯದವನು ಹೊರಸುತ್ತಿನಲ್ಲಿಯೇ ಗಾಣದೆತ್ತಿನಂತೆ ತಿರುಗಬೇಕು. ಅತ್ತೆಯವರ ಕೌಶಲವೆಲ್ಲ ಇದರಲ್ಲಿಯೇ ಅಡಗಿದ್ದಿತು: ಕಟ್ಟೆಯ ಮೇಲೆ ಕಾಯನ್ನು ಸುಮ್ಮನೆ ಕೂರಿಸಿ, ಹಾದುಹೋಗುವವರಿಗಾಗಿ ಹೊಂಚುವುದು. ಹಾಳೆಯಲ್ಲಿ ಆ ಕಟ್ಟಳೆಯೇ ಇರಲಿಲ್ಲ. ಅದಿಲ್ಲದ ಮೇಲೆ ಆಟವು ಬರಿಯ ಓಟವಾಯಿತು. ಹೊಂಚಿ ಕುಳಿತವರು ಹಿಂದೆ ಬಿದ್ದರು. ಮೂರು ದಿನ ಸೋತ ಅತ್ತೆಯವರು ನಾಲ್ಕನೆಯ ದಿನ ಕವಡೆಗಳನ್ನು ಒಳಗಿಟ್ಟರಂತೆ.

"ಹಾಳೆಯಲ್ಲಿ ಹಾಗೆ ಬರೆದಿಲ್ಲ, ಅಜ್ಜಿ" ಎಂಬುದು ಹುಡುಗಿಯ ವಾದ. ಅತ್ತೆಯವರು ನಮ್ಮ ಕಡೆಗೆ ತಿರುಗಿ, "ನೀನು ಮೇಷ್ಟ್ರಲ್ಲವೇನೋ, ಯಾವುದು ಸರಿ ಹೇಳು" ಎಂದರು. ವ್ಯಾಕರಣದಲ್ಲಿ ಪಾಣಿನಿಗಿಂತ ಕಾತ್ಯಾಯನನ ಮಾತಿಗೂ, ಕಾತ್ಯಾಯನನಿಗಿಂತ ಪತಂಜಲಿಯ ಮಾತಿಗೂ ಹೆಚ್ಚಿನ ಪ್ರಾಮಾಣ್ಯವೆಂದು, ಹಿಂದಿನದಕ್ಕಿಂತ ಮುಂದಿನದೇ ಬಲವೆಂದು ನಾವು ವಿವರಿಸತೊಡಗಿದೆವು. "ಆ ಹಾಳೆ ಬರೆದವನು ಯಾವ ಮುನಿಯಪ್ಪ?" ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಚೌಕಾಬಾರಕ್ಕೆ ಸೂತ್ರಕಾರನಿಲ್ಲ. ಕಟ್ಟೆಮನೆ, ಗಟ್ಟಾಮನೆ, ಚಕ್ಕಾ ಎಂದು ಸೀಮೆಸೀಮೆಗೆ ಹೆಸರೇ ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳನ್ನು ನಿರೂಪಿಸಿದರು, ತಾವೇ ಹೊಸ ಆಟಗಳನ್ನು ಕಲ್ಪಿಸಿದರು. ಆದರೂ ಜನರ ಮನೆಗಳಲ್ಲಿ ಬಾಳಿದುದು ನೆಲದ ಮೇಲೆ ಗೀಚಿದ ಆಟವೇ. ಇಂಥಲ್ಲಿ ಧರ್ಮಶಾಸ್ತ್ರವೂ ಮನ್ನಿಸುವ ದೇಶಾಚಾರವೇ ಪ್ರಮಾಣವೆಂದು ನಮ್ಮ ಮತ. ಹುಡುಗಿಯದೂ ಪೂರ್ತಿ ತಪ್ಪೆನ್ನಲಾರೆವು. ಪಚ್ಚೀಸಿಯಿಂದ ಹುಟ್ಟಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಲೂಡೊ ಆಟದಲ್ಲಿ, ಈಗ ಮೊಬೈಲಿನಲ್ಲಿ, ಅವಳ ಕೈ ಪಳಗಿದೆ.

ಬಸವೇಶ್ವರನಗರವನ್ನು ಹಾದು ವಿಜಯನಗರಕ್ಕೆ ಬಂದೆವು. ಅಲ್ಲಿ ಮಿತ್ರರೊಬ್ಬರ ಮಗ, ಸಾಫ್ಟ್‌ವೇರ್ ಉದ್ಯೋಗಿ, ಶನಿವಾರಗಳಂದು ಗೆಳೆಯರೊಡನೆ ಅಮೆರಿಕದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನಾಡುತ್ತಾನೆ. ಒಬ್ಬನು ಸೂತ್ರಧಾರ, ಉಳಿದವರು ಯೋಧ, ಮಾಂತ್ರಿಕ ಮೊದಲಾದ ಪಾತ್ರಗಳನ್ನು ಧರಿಸಿ ಮಾತಿನಲ್ಲಿಯೇ ಕಥೆಯನ್ನು ನಡೆಸುತ್ತಾರೆ, ಸಂದೇಹ ಬಂದಲ್ಲಿ ಇಪ್ಪತ್ತು ಮುಖದ ದಾಳವು ತೀರ್ಮಾನಿಸುತ್ತದೆ. 1974ರಲ್ಲಿ ಹುಟ್ಟಿದ ಈ ಆಟಕ್ಕೆ ಸೂತ್ರಗ್ರಂಥಗಳುಂಟು. ಅವುಗಳಿಗೆ ಆವೃತ್ತಿಗಳೂ ಉಂಟು. 2000ದಲ್ಲಿ ಮೂರನೆಯದು ಬಂದಿತು. 2008ರ ನಾಲ್ಕನೆಯದು ಎಷ್ಟು ಬೇರೆಯಾಗಿತ್ತೆಂದರೆ, ಹಳಬರು ಅನೇಕರು ಒಪ್ಪದೆ, ಮೂರನೆಯದರ ಜಾಡಿನಲ್ಲಿಯೇ ಮತ್ತೊಂದು ಸಂಸ್ಥೆ 2009ರಲ್ಲಿ ಹೊರಡಿಸಿದ 'ಪಾತ್‌ಫೈಂಡರ್' ಕಡೆಗೆ ಹೋದರಂತೆ. 2014ರಲ್ಲಿ ಐದನೆಯದು, 2024ರಲ್ಲಿ ಅದರ ಪರಿಷ್ಕರಣ. ಹಳೆಯ ಪುಸ್ತಕಗಳು ಕಪಾಟಿನ ಒಂದು ಅರೆಯನ್ನೇ ತುಂಬಿದ್ದುವು. ಅವುಗಳಿಂದಲೇ ಆಡಬಾರದೇ ಎಂದೆವು. "ಆಡಬಹುದು ಮಾವ, ಯಾರೂ ಬೇಡವೆನ್ನುವುದಿಲ್ಲ. ಆದರೆ ಹೊಸದಾಗಿ ಸೇರುವವರು ಹೊಸ ಪುಸ್ತಕವನ್ನೇ ಓದಿ ಬರುತ್ತಾರೆ. ಹಳೆಯದನ್ನು ಬಲ್ಲವರು ನಾವು ಇಬ್ಬರೇ ಉಳಿದೆವು" ಎಂದನು. ರಾಮಮಂದಿರದ ಬಳಿಯ ಮುದುಕಿಯ ದುಃಖವೂ ಮೂವತ್ತೈದರ ಈ ತರುಣನ ದುಃಖವೂ ಒಂದೇ ಎಂದು ಆಗ ನಮಗೆ ಹೊಳೆಯಿತು: ಕಟ್ಟಳೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಜೊತೆಗೆ ಕೂರುವವರು ಇಲ್ಲವಾದರು.

ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಅತ್ತಿಗುಪ್ಪೆ, ನಾಯಂಡಹಳ್ಳಿಗಳನ್ನು ದಾಟಿ ಕೆಂಗೇರಿ. 2021ರಲ್ಲಿ ಈ ದಾರಿ ತೆರೆದ ಮೇಲೆ ಮೈಸೂರು ರಸ್ತೆಯ ಧೂಳನ್ನು ಕುಡಿಯುವ ಕಷ್ಟ ತಪ್ಪಿದೆ. ಕೆಳಗೆ ವೃಷಭಾವತಿಯ ಕಪ್ಪು ನೀರನ್ನು ಕಾಣುವ ಕಷ್ಟ ತಪ್ಪಿಲ್ಲ.

ಕೆಂಗೇರಿಯಲ್ಲಿ ನಮ್ಮ ತಂಗಿಯ ಮನೆ. ಅವಳ ಸೊಸೆ ಧಾರವಾಡದವಳು. ನಾವು ಹೋದಾಗ ಸೀಮೆಸುಣ್ಣದ ಗೆರೆಗಳು ಆಗತಾನೆ ಎದ್ದಿದ್ದುವು. ಕವಡೆ ಮಾತ್ರ ಇನ್ನೂ ಉರುಳಿರಲಿಲ್ಲ. ಒಂದೇ ಮನೆಯಲ್ಲಿ ಕೂಡಿದ ಎರಡು ಕಾಯಿ ಗಟ್ಟಿಯಾಗುವುದುಂಟೇ? ಗಟ್ಟಿಯನ್ನು ಒಂಟಿ ಕಾಯಿ ಹೊಡೆಯಬಹುದೇ? ಮೂರು ಸಲ ಒಂದೇ ಸಮನೆ ಚೌಕ ಬಿದ್ದರೆ ಲೆಕ್ಕವೇ, ಹೋಯಿತೇ? ಕಾಲು ಗಂಟೆ ಚರ್ಚೆ ನಡೆಯಿತು. "ನಿಮ್ಮ ಗಟ್ಟಿ ಇರಲಿ ಅತ್ತಿ, ಆದರ ಹೊಡೀದ ಒಳಗ ಹೋಗೂದು ಮಾತ್ರ ಬ್ಯಾಡ್ರಿ" ಎಂದಳು ಸೊಸೆ. ತಂಗಿ ಒಪ್ಪಿದಳು. ನಾವು ಸೋದರತ್ತೆಯವರಿಗೆ ಅಲ್ಲಿಂದಲೇ ಫೋನು ಮಾಡಿ, ಭಾನುವಾರ ಕರೆದುಕೊಂಡು ಬರುತ್ತೇವೆ, ಕವಡೆ ತೆಗೆದಿಡಿ ಎಂದೆವು. "ಹಾಳೆ ಇದೆಯೋ ಅಲ್ಲಿ?" ಎಂದು ಕೇಳಿದರು. ಇಲ್ಲವೆಂದೆವು. ಹಾಗಾದರೆ ಮೊಮ್ಮಗಳನ್ನೂ ಕರೆತರುವೆನೆಂದರು.