ಹಲಗಲಿಯ ಬೀಸುಕಲ್ಲು

‘ಹಲಗಲಿಯ ಬೇಡರು ದಂಗೆ ಎದ್ದದ್ದೇಕೆ?’ ಹೈಸ್ಕೂಲಿನಲ್ಲಿ ಇದು ಎರಡು ಅಂಕದ ಪ್ರಶ್ನೆ. ದೇಶಪ್ರೇಮಕ್ಕಾಗಿ ಎಂದು ಬರೆದರೆ ಒಂದು ಅಂಕಕ್ಕಂತೂ ಮೋಸವಿರಲಿಲ್ಲ. ಈಗ ಆ ಲಾವಣಿ ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಅದರೊಳಗಿನ ಸಾಮಾನಿನ ಪಟ್ಟಿ. ದಂಡಿನವರು ಸುಲಿದದ್ದು ನೇಗಿಲು, ಉಪ್ಪು, ಜೀರಿಗೆ, ಮಂಗಳಸೂತ್ರ, ಬೀಸುಕಲ್ಲನ್ನೂ ಬಿಡಲಿಲ್ಲ.

1857ರಲ್ಲಿ ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ಕಂಪನಿ ಸರ್ಕಾರ ಕಾನೂನು ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಅನ್ನ, ಮರ್ಯಾದೆ. ಕೊಡೆವು ಎಂದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಅವರ ಮನಸ್ಸಿನಲ್ಲಿ ಭಾರತದ ನಕ್ಷೆ ಇತ್ತೇ? ಇರಲಿಲ್ಲವೆಂದೇ ನನಗೆ ತೋರುತ್ತದೆ. ಅದರಿಂದ ಅವರ ಕೆಚ್ಚೇನೂ ಕಡಿಮೆಯಾಗದು. ಪರರ ಆಳ್ವಿಕೆ ಅವರಿಗೆ ತಟ್ಟಿದ್ದು ಹೊಸ್ತಿಲಲ್ಲಿ. ತಿರುಗಿ ಬಿದ್ದದ್ದೂ ಅಲ್ಲಿಂದಲೇ.

ಸೋಜಿಗವೆಂದರೆ, ಈ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್. ತಮ್ಮ ಸರ್ಕಾರವನ್ನೇ ಬೈಯುವ ಹಾಡು! ಇದೇ ಫ್ಲೀಟ್ ನಮ್ಮ ಶಾಸನಗಳನ್ನು ಓದಿ, 1882ರಲ್ಲಿ ಕನ್ನಡ ಜಿಲ್ಲೆಗಳ ಅರಸುಮನೆತನಗಳ ಚರಿತ್ರೆ ಬರೆದರು. ನಾಡನ್ನು ಆಳುವವರಿಗೆ ನಾಡಿನ ಹಿಂದುಮುಂದು ಗೊತ್ತಿರಬೇಕಲ್ಲ. ಆದರೆ ಪುಸ್ತಕ ಒಮ್ಮೆ ಅಚ್ಚಾದರೆ ಯಾರು ಓದುತ್ತಾರೆಂದು ಹೇಳಲಾಗದು. ಮರಾಠಿಯದೇ ದರ್ಬಾರಾಗಿದ್ದ ಧಾರವಾಡದ ಕಡೆ, ಕನ್ನಡಿಗನೆಂದು ಹೇಳಿಕೊಳ್ಳಲು ಸಂಕೋಚಪಡುತ್ತಿದ್ದ ಕಾಲದಲ್ಲಿ, ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ಸರ್ಕಾರಿ ದಫ್ತರಿಗೆ ಸೇರಿದ್ದ ಚಾಲುಕ್ಯರು, ರಾಷ್ಟ್ರಕೂಟರು ಅಲ್ಲಿ ನಮ್ಮ ಹಿರಿಯರಾಗಿ ಎದ್ದು ಕೂತರು. ಟಿಳಕರ ಅನುಯಾಯಿಯಾಗಿದ್ದ ಆಲೂರರಿಗೆ ಕರ್ನಾಟಕವೂ ಭಾರತವೂ ಎದುರುಬದುರು ನಿಂತವುಗಳಲ್ಲ. ಗತವೈಭವವೆಂಬ ಮಾತಿನ ಬಗ್ಗೆ ನನಗೆ ತುಸು ಅನುಮಾನವಿದೆ, ನಿಜ. ಅದರಲ್ಲಿ ಅರಸರಿಗೆ ಸಿಕ್ಕಷ್ಟು ಜಾಗ ಬೀಸುಕಲ್ಲಿಗೆ ಸಿಗುವುದಿಲ್ಲ.

1930ರ ದಶಕದ ಆರಂಭಕ್ಕೆ ಅಂಕೋಲಾ, ಸಿದ್ದಾಪುರಗಳ ರೈತರು ಕಂದಾಯ ಕೊಡೆವು ಎಂದರು, ಜಮೀನು ಕಳೆದುಕೊಂಡರು. ಹಲಗಲಿಯದೇ ಮಾತು. ಆದರೆ ಹಲಗಲಿ ಒಂಟಿಯಾಗಿತ್ತು. ಇವರಿಗೆ ಗುಜರಾತಿನ ಬಾರ್ಡೋಲಿಯ ರೈತರು ಗೊತ್ತಿದ್ದರು, ‘ಕರ್ಮವೀರ’ದಂಥ ಪತ್ರಿಕೆಗಳಿದ್ದವು. ಕಾಣದ ಊರಿನವರ ನಷ್ಟವನ್ನು ತಮ್ಮದೆಂದುಕೊಂಡದ್ದು ಹೊಸದು. ನಾನು ರಾಷ್ಟ್ರೀಯತೆ ಎಂದು ಒಪ್ಪುವುದು ಇದನ್ನೇ.

ನಮ್ಮ ಮನೆಯಲ್ಲಿ ಈ ಕಥೆ ಇಷ್ಟು ಸರಳವಾಗಿಲ್ಲ. ಮುತ್ತಜ್ಜ ಊರ ಕುಲಕರ್ಣಿ. ಸರ್ಕಾರಕ್ಕೆ ಕಂದಾಯದ ಲೆಕ್ಕ ಬರೆದೇ ಸಂಸಾರ ಸಾಗಿಸಿದವರು. ಅವರ ಮಗ, ಅಂದರೆ ನಮ್ಮಜ್ಜ, ಖಾದಿ ತೊಟ್ಟರು. ಆ ಸಂಬಳದ ಜೋಳದಿಂದಲೇ ಅಜ್ಜ ಬೆಳೆದದ್ದು, ಓದಿದ್ದು, ಪತ್ರಿಕೆ ತರಿಸಿದ್ದು. ಅಪ್ಪ ಮಗ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರಂತೆ. ಕಂದಾಯದ ಮಾತು ಮಾತ್ರ ಯಾರೂ ತೆಗೆಯುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು.