ನಳದ ನೀರು, ಗಟಾರದ ರೊಕ್ಕ

ಕೊಪ್ಪಳ ಜಿಲ್ಲೆಯ ಅಳವಂಡಿ ಕಡೆಯ ಓಣಿಗಳಲ್ಲಿ ಬೆಳಗಾದರೆ ಮೊದಲ ಮಾತು ನೀರಿನದೇ. “ನಳ ಬಂತೇನಬೇ?” ಎಂದು ಒಬ್ಬಾಕೆ ಕೇಳಿದರೆ, “ಇವತ್ತ ಆ ಓಣಿ ಪಾಳಿ, ನಮಗ ನಾಳೆ” ಎಂದು ಇನ್ನೊಬ್ಬಾಕೆ ಹೇಳುತ್ತಾಳೆ. ಎರೆಹೊಲದ ಸೀಮೆ ಇದು. ಬಿಳಿಜೋಳಕ್ಕೆ, ಕಡಲೆಗೆ ಹೇಳಿಮಾಡಿಸಿದ ನೆಲ. ಕುಡಿಯುವ ನೀರಿಗೆ ಮಾತ್ರ ಬಡತನ. ಮುನಿರಾಬಾದಿನಲ್ಲಿ ತುಂಗಭದ್ರೆಯ ಅಣೆಕಟ್ಟು ನಿಂತಿದ್ದರೂ, ಇದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಎಷ್ಟೋ ಹಳ್ಳಿಗಳು ಫ್ಲೋರೈಡ್ ಬೆರೆತ ಬೋರಿನ ನೀರನ್ನೇ ಕುಡಿದು ಬದುಕಿದವು. ಆ ಅಂಶ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ದೊಡ್ಡವರ ಕೀಲು, ಮೂಳೆ ಹಿಡಿದುಕೊಳ್ಳುತ್ತವೆ. ಇಂಥ ಕಡೆ ಮನೆಯಂಗಳಕ್ಕೆ ನಳ ಬಂದರೆ ಆಗುವ ಸಂತೋಷ ಕೊಡ ಹೊತ್ತವರಿಗೇ ಗೊತ್ತು.

ಆ ನಳಕ್ಕೆ ರೊಕ್ಕ ಬಂದ ದಾರಿ ಹೀಗೆ. ಜಲಜೀವನ್ ಮಿಷನ್ ಘೋಷಣೆಯಾದದ್ದು 2019ರ ಆಗಸ್ಟ್ 15ರಂದು. ನಮ್ಮಲ್ಲಿ ಅದರ ಹೆಸರು ‘ಮನೆ ಮನೆಗೆ ಗಂಗೆ’. ವೆಚ್ಚದಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಯೆಂದರೆ 275 ಲೀಟರ್ ಆಯಿತು. ಮುಸುರೆ ತಿಕ್ಕಿ, ಅರಿವೆ ಒಗೆದು, ಮೈತೊಳೆದ ಮೇಲೆ ಅದರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 180 ಲೀಟರ್, ಬಚ್ಚಲಿನಿಂದ ಹೊರಗೆ ಹರಿಯುತ್ತದೆ. ಹಿಂದೆ ಎರಡು ಕೊಡ ನೀರಿನಲ್ಲಿ ದಿನ ಕಳೆಯುವಾಗ ಬಚ್ಚಲ ನೀರು ಹಿತ್ತಲಿನ ಬಾಳೆಗಿಡಕ್ಕೇ ಮುಗಿಯುತ್ತಿತ್ತು. ಈಗ ಅದು ಓಣಿಗೆ ಬರುತ್ತದೆ, ಗಟಾರ ಇಲ್ಲದ ಕಡೆ ದಾರಿಯಲ್ಲೇ ನಿಲ್ಲುತ್ತದೆ.

ಬರೀ ಸೊಳ್ಳೆಯ ಕಾಟವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. 2023ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಬಸರಿಹಾಳ, ಬಿಜಕಲ್‌ನಂಥ ಊರುಗಳಲ್ಲಿ ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಕುಡಿಯುವ ನೀರು ಕೆಟ್ಟಿದ್ದೇ ಕಾರಣವೆಂದು ಆಗ ಸುದ್ದಿಯಾಯಿತು. ನೀರು ಕೆಡುವುದಕ್ಕೆ ಬಹಳಷ್ಟು ಊರುಗಳಲ್ಲಿ ಒಂದು ಸುಲಭದ ದಾರಿ ಇದೆ. ನಳದ ಪೈಪು ಗಟಾರದ ಪಕ್ಕ, ಕೆಲವು ಕಡೆ ಗಟಾರದೊಳಗೇ ಹಾದಿರುತ್ತದೆ. ನೀರು ಬಿಟ್ಟಾಗ ಒತ್ತಡವಿರುತ್ತದೆ, ಒಡೆದ ಜಾಗದಿಂದ ನೀರು ಹೊರಚಿಮ್ಮುತ್ತದೆ. ನಿಲ್ಲಿಸಿದ ಮೇಲೆ ಪೈಪು ಬರಿದಾಗಿ, ಅದೇ ಒಡಕಿನಿಂದ ಹೊಲಸು ಒಳಗೆ ಎಳೆದುಕೊಳ್ಳುತ್ತದೆ. ಪಾಳಿಯ ಮೇಲೆ ನೀರು ಬರುವ ಊರುಗಳಿಗೆ ಈ ಅಪಾಯ ಹೆಚ್ಚು. ಹಾಗಾಗಿ ಹೊಲಸು ನಿಲ್ಲದೆ ಹರಿದುಹೋಗುವಂತೆ ಗಟಾರಕ್ಕೆ ಖರ್ಚು ಮಾಡಿದ ಪ್ರತಿ ರೂಪಾಯಿಯೂ ನಳದ ಕಾವಲಿಗೇ ಆಗುತ್ತದೆ.

ರೊಕ್ಕ ಬಂದಿಲ್ಲವೇ ಎಂದರೆ, ಬಂದಿದೆ. ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಬಚ್ಚಲ ನೀರಿಗೆಂದೇ 5000 ಜನಸಂಖ್ಯೆಯವರೆಗಿನ ಹಳ್ಳಿಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ 660 ರೂಪಾಯಿವರೆಗೆ ಇಟ್ಟರು. ಅದರಲ್ಲಿ ಶೇ 30ನ್ನು ಪಂಚಾಯ್ತಿ ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕಿತ್ತು. 5000 ಜನರ ಊರಿಗೆ ಲೆಕ್ಕ ಹಾಕಿದರೆ 14 ಲಕ್ಷ. 15ನೇ ಹಣಕಾಸು ಆಯೋಗವಂತೂ 2021ರಿಂದ 26ರವರೆಗಿನ ಪಂಚಾಯ್ತಿ ಅನುದಾನದ ಶೇ 60ನ್ನು ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿತು.

ಆದರೆ ಎರೆಮಣ್ಣಿಗೆ ತನ್ನದೇ ಗುಣ. ನೀರು ಕುಡಿದು ಉಬ್ಬುತ್ತದೆ, ಆಮೇಲೆ ಒಂದು ಹನಿಯನ್ನೂ ಇಳಿಯಗೊಡುವುದಿಲ್ಲ. ಮಸಾರಿ ನೆಲದಲ್ಲಿ ಚೆಂದ ಕೆಲಸ ಮಾಡುವ ಇಂಗುಗುಂಡಿ ಇಲ್ಲಿ ಬೇಗ ತುಂಬಿ ನಿಲ್ಲುತ್ತದೆ. ನಮಗೆ ಬೇಕಾದ್ದು ಇಳಿಜಾರು ನೋಡಿ ಕಟ್ಟಿದ ಗಟಾರ, ಊರ ತುದಿಯಲ್ಲಿ ಹೂಳು ಕೂರುವ ತೊಟ್ಟಿ, ಆಪುಹುಲ್ಲು ಬೆಳೆಸಿದ ಒಂದು ಕೊಳ. ಆ ಬೇರುಗಳ ನಡುವೆ ಹಾದು ತಿಳಿಯಾದ ನೀರು ಹೊಲಕ್ಕಾಗುತ್ತದೆ. ಎಲ್ಲ ಊರಿಗೂ ಒಂದೇ ನಕಾಶೆ ಹಿಡಿದು ರೊಕ್ಕ ಹಂಚಿದರೆ ಆ ರೊಕ್ಕ ಮಣ್ಣಾಗುತ್ತದೆ.

ಇನ್ನು ಕಟ್ಟಿದ್ದನ್ನು ಕಾಯುವ ಮಾತು. ನಮ್ಮ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ ಬಿತ್ತುವಟ್ಟವೂ ಬರುತ್ತದೆ: ಕೆರೆಯ ಹೂಳೆತ್ತಲು, ಏರಿ ದುರಸ್ತಿಗೆ ಮೀಸಲಿಟ್ಟ ಭೂಮಿ, ಅದರ ಹುಟ್ಟುವಳಿ. ದುರಸ್ತಿಗೆ ದಾರಿ ಮಾಡದೆ ಕೆರೆ ಕಟ್ಟಿದರೆ ಉಳಿಯದು ಎಂಬುದು ಅವರಿಗೆ ತಿಳಿದಿತ್ತು. ರೊಕ್ಕ ಬತ್ತದಂತೆ ನೋಡಿಕೊಳ್ಳುವ ಇನ್ನೊಂದು ದಾರಿ ಅಮೆರಿಕದವರದು. ಅಲ್ಲಿ 1987ರಿಂದ ಪ್ರತಿ ರಾಜ್ಯಕ್ಕೂ ಒಂದು ಸುತ್ತುನಿಧಿ. ಕೊಳಚೆನೀರು ಶುದ್ಧೀಕರಣಕ್ಕೆ ಊರುಗಳು ಕಡಿಮೆ ಬಡ್ಡಿಗೆ ಸಾಲ ಪಡೆಯುತ್ತವೆ, ತೀರಿಸಿದ ರೊಕ್ಕ ಇನ್ನೊಂದು ಊರಿಗೆ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳ ಸ್ವಸಹಾಯ ಸಂಘ ನಡೆಯುವುದೂ ಹೀಗೇ. ಮಳೆ ನಂಬಿದ ಒಣಬೇಸಾಯದ ಊರಿಗೆ ಕಟ್ಟುವ ಖರ್ಚನ್ನು ಸಾಲವಾಗಿ ಹೇರಬಾರದು, ಅದು ಅನುದಾನವೇ ಆಗಬೇಕು. ಆದರೆ ವಾಲ್ವ್ ತಿರುಗಿಸುವವರ ಪಗಾರ, ತೊಟ್ಟಿಯ ಹೂಳು, ಒಡೆದ ಪೈಪು, ಇವಕ್ಕೆ ಊರೇ ತಿಂಗಳ ನೀರಿನ ಕರದಿಂದ ಒಂದು ನಿಧಿ ಕಟ್ಟಿಕೊಳ್ಳಬಹುದು.

ಕೊಪ್ಪಳದ ಗವಿಮಠದ ಶ್ರೀಗಳು 2019ರಲ್ಲಿ ಹಿರೇಹಳ್ಳದ ಹೂಳೆತ್ತಲು ಮುಂದಾದಾಗ ಜನ ತಾವಾಗಿ ಕೈಜೋಡಿಸಿದ್ದನ್ನು ಈ ಜಿಲ್ಲೆ ನೋಡಿದೆ. ಕೊಡುವ ಮನಸ್ಸಿಗೆ ಇಲ್ಲಿ ಬರವಿಲ್ಲ, ಲೆಕ್ಕ ಕಣ್ಣೆದುರಿಗಿದ್ದರೆ ಸಾಕು. ಆದ್ದರಿಂದ ಮುಂದಿನ ಗ್ರಾಮಸಭೆಗೆ ಹೋಗುವ ಅಕ್ಕ-ತಂಗಿಯರಲ್ಲಿ ನನ್ನ ವಿನಂತಿ ಇಷ್ಟು: ನಳ ಯಾವಾಗ ಬರುತ್ತದೆ ಎಂದು ಕೇಳಿದ ಮೇಲೆ ಕೂತುಬಿಡಬೇಡಿ. ಗಟಾರಕ್ಕೆ ಈ ವರ್ಷ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.